ಶುಗರ್ ಇದೆ, ಪಾಲಿಸಿಯೂ ಬೇಕು

ನಾನು ಮನೆ ಬ್ರೋಕರ್. ಬಾಡಿಗೆಗೆ ಕೊಡಿಸುತ್ತೇನೆ, ಮಾರಿಸುತ್ತೇನೆ. ನನ್ನ ಮೇಲೆ ಸಾಹೇಬರಿಲ್ಲ, ತಿಂಗಳ ಸಂಬಳವಿಲ್ಲ, ಕಾಯಿಲೆ ಬಿದ್ದರೆ ರಜೆಯೂ ಇಲ್ಲ. ವ್ಯಾಪಾರ ಕುದುರಿದರೆ ಕಮಿಷನ್, ಕುದುರದಿದ್ದರೆ ಚಪ್ಪಲಿ ಸವೆದದ್ದೇ ಲಾಭ. ಜೊತೆಯ ಬ್ರೋಕರುಗಳು ನನಗೆ ‘ಗೋಡೆ ಕುಟ್ಟೋಳು’ ಎಂದು ಹೆಸರಿಟ್ಟಿದ್ದಾರೆ. ಗಿರಾಕಿಯ ಎದುರಿಗೇ ಗೋಡೆ ಕುಟ್ಟಿ, “ಇಲ್ಲಿ ನೀರು ಜಿನುಗುತ್ತೆ, ನೋಡ್ಕೊಳ್ಳಿ” ಎನ್ನುವವಳು ನಾನು. ಅದರಿಂದ ಒಂದೆರಡು ವ್ಯಾಪಾರ ಕೈತಪ್ಪಿದ್ದೂ ಉಂಟು. ಹೋಗಲಿ ಬಿಡಿ, ಆಮೇಲೆ ಬೈಸಿಕೊಳ್ಳುವುದು ನನ್ನ ಜಾಯಮಾನವಲ್ಲ.

ನಮ್ಮ ಪೈಕಿಯೇ ಒಬ್ಬರಿದ್ದಾರೆ. ಯಾವ ಜಾಗ ತೋರಿಸಿದರೂ “ಮೂಲೆ ಸೈಟು ಸಾರ್, ಬಂಗಾರ!” ಎನ್ನುವುದರಿಂದ ಅವರ ಹೆಸರೇ ಮೂಲೆ ಸೈಟಣ್ಣ ಎಂದಾಗಿದೆ. ಹೋದ ತಿಂಗಳು ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಗಿರಾಕಿಯನ್ನು ಮೇಲೆ ಕರೆದೊಯ್ಯುತ್ತಾ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿದರು. ಬ್ರೋಕರುಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದೇ ಹಾಕಿದ್ದು. ದುಡ್ಡು ಹಾಕಿದವರು ಬೆರಳೆಣಿಕೆಯಷ್ಟು. ನಾನು ನೋಡಲು ಹೋದಾಗ ಅವರ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಗಂಡ ಹಿಂದೆ ಮನೆ ಕೊಡಿಸಿದ್ದವರಿಗೆಲ್ಲಾ ಫೋನು ಮಾಡಿ ಅಂಗಲಾಚುತ್ತಿದ್ದರು. ಅಣ್ಣ ಬದುಕಿಕೊಂಡರು. ಆದರೆ ಆ ಅಕ್ಕನ ದನಿ ನನ್ನ ಕಿವಿ ಬಿಟ್ಟು ಹೋಗಲಿಲ್ಲ. ನಾಳೆ ನಾನು ಬಿದ್ದರೆ ನನ್ನ ಮನೆಯವರದ್ದೂ ಇದೇ ಪಾಡು ತಾನೇ?

ಮನೆಗೆ ಬಂದವಳೇ ಗಂಡನಿಗೆ ಹೇಳಿದೆ. ಅವರು ಮನೆಗಳಿಗೆ ಬಣ್ಣ ಬಳಿಯುವವರು. ಅವರಿಗೂ ಸಾಹೇಬರಿಲ್ಲ.

“ರೀ, ಆರೋಗ್ಯ ವಿಮೆ ಮಾಡಿಸ್ತೀನಿ. ನಮ್ಮಿಬ್ಬರಿಗೂ, ಮಗಳಿಗೂ.”

“ನಿನಗೆ ಶುಗರ್ ಇದೆಯಲ್ಲೇ. ಯಾರು ಕೊಡ್ತಾರೆ?”

“ಕೇಳೋಕೆ ಮುಂಚೇನೇ ಇಲ್ಲ ಅಂತ ನೀವೇ ಹೇಳ್ಬಿಟ್ರೆ ಆಯ್ತಾ? ಅವರ ಬಾಯಲ್ಲೇ ಕೇಳ್ಕೊಂಡು ಬರ್ತೀನಿ.”

ಹೋದೆ. ಮೊದಲ ಆಫೀಸಿನಲ್ಲಿ ಕೂತಿದ್ದ ಹುಡುಗಿ, “ಯಾವ ಕಂಪನಿ ಮೇಡಂ?” ಎಂದಳು.

“ನಂದೇ.”

“ಸಂಬಳದ ಚೀಟಿ ಇದೆಯಾ?”

“ಸಂಬಳ ಕೊಡೋಳೂ ನಾನೇ, ತಗೊಳ್ಳೋಳೂ ನಾನೇ. ಚೀಟಿ ಯಾರು ಬರೀಬೇಕಮ್ಮಾ?”

ಅವಳು ನಗಲಿಲ್ಲ. ತಮ್ಮಲ್ಲಿರುವುದು ಕಂಪನಿ ನೌಕರರ ವಿಮೆ ಮಾತ್ರ ಎಂದಳು. ಎರಡನೇ ಆಫೀಸಿನವರು ಶುಗರ್ ಎಂದ ಕೂಡಲೇ ಪೆನ್ನು ಮುಚ್ಚಿಟ್ಟು, “ಕಷ್ಟ ಮೇಡಂ” ಎಂದರು. “ಕಷ್ಟ ಅಂದ್ರೆ ಆಗಲ್ಲ ಅಂತಾನಾ? ಬಾಯಿಬಿಟ್ಟು ಹೇಳಿ” ಎಂದೆ. ಅವರು ನನ್ನ ಹಿಂದೆ ನಿಂತವರನ್ನು ಕರೆದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಊರವರಿಗೆಲ್ಲಾ ಮನೆ ಹುಡುಕಿಕೊಡುವವಳಿಗೆ ತನಗೊಂದು ಪಾಲಿಸಿ ಹುಡುಕಿಕೊಳ್ಳಲು ಬರುವುದಿಲ್ಲವೇ? ನೋಡೇಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ನಮ್ಮವರು ಯಾರನ್ನೋ ಕೇಳಿ, ಪಾಲಿಸಿ ಮಾಡಿಸುವವನೊಬ್ಬನನ್ನು ಮನೆಗೇ ಕರೆಸಿದರು. ಗರಿಗರಿ ಇಸ್ತ್ರಿ ಅಂಗಿ, ಬೆಣ್ಣೆಯಂಥ ಮಾತು. ಟೀ ಕುಡಿಯುತ್ತಾ, ಮೊಬೈಲಿನಲ್ಲಿ ಬರುವ ಪ್ರಶ್ನೆಗಳಿಗೆ ತಾನೇ ಟಕಟಕ ಉತ್ತರ ಒತ್ತುತ್ತಿದ್ದ.

“ಬಿಪಿ ಇಲ್ಲ, ಶುಗರ್ ಇಲ್ಲ...”

“ಶುಗರ್ ಇದೆ,” ಎಂದೆ.

“ಇದ್ರೂ ಇಲ್ಲ ಅಂತಾನೇ ಹಾಕೋದು ಮೇಡಂ. ಎಲ್ಲರೂ ಹಾಗೇ ಮಾಡೋದು. ಪ್ರೀಮಿಯಂ ಕಮ್ಮಿ ಆಗುತ್ತೆ, ಪಾಲಿಸಿ ಕೂಡಲೇ ಸಿಗುತ್ತೆ.”

ನಮ್ಮವರು ತಲೆಯಾಡಿಸಿದರು. “ಹಾಕ್ಲಿ ಬಿಡೇ. ಗೋಡೆ ಜಿನುಗಿದ್ರೆ ಪುಟ್ಟಿ ಮೆತ್ತಿ ಒಂದು ಕೋಟು ಹೊಡೆಯಲ್ವಾ? ಹಾಗೇ ಇದೂ.”

“ಹೊಡೀತೀರ. ಒಂದು ಮಳೆ ಬಂದ್ಮೇಲೆ ಆ ಮನೆಯವರು ಫೋನ್ ಮಾಡಿ ಉಗಿಯೋದು ಯಾರಿಗೆ? ನನಗೆ!”

ನಮ್ಮ ಕೆಳಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೆಲಸ. ಆ ಮನೆ ಕೊಡಿಸಿದವಳೂ ನಾನೇ. ಮೆಟ್ಟಿಲ ಮೇಲೆ ನಿಂತು, “ತಂಗೀ, ಒಂದು ನಿಮಿಷ ಮೇಲೆ ಬಾರೇ” ಎಂದು ಕೂಗಿದೆ. ಕೈ ಒರೆಸಿಕೊಳ್ಳುತ್ತಾ ಬಂದಳು. ವಿಷಯ ಕೇಳಿದವಳೇ ಹುಬ್ಬು ಗಂಟಿಕ್ಕಿದಳು.

“ಬೇಡ ಅಕ್ಕ. ಪಾಲಿಸಿ ಮಾರೋವಾಗ ಯಾರೂ ಜಾಸ್ತಿ ಕೆದಕಲ್ಲ. ಕ್ಲೇಮ್ ಹಾಕ್ದಾಗ ಕೆದಕ್ತಾರೆ. ಹಳೇ ಔಷಧಿ ಚೀಟಿ, ಹಳೇ ರಕ್ತ ಪರೀಕ್ಷೆ, ಎಲ್ಲಾ ಕೇಳ್ತಾರೆ. ಶುಗರ್ ಎಷ್ಟು ವರ್ಷದಿಂದ ಇದೆ ಅಂತ ಡಾಕ್ಟರು ಕೇಳಿದ್ರೆ ನೀವು ನಿಜಾನೇ ಹೇಳ್ತೀರ ತಾನೇ? ಅದು ಆಸ್ಪತ್ರೆ ದಾಖಲೆಗೆ ಹೋಗುತ್ತೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ದುಡ್ಡು ಕೊಡಲ್ಲ ಅನ್ನಬಹುದು, ಪಾಲಿಸೀನೇ ರದ್ದು ಮಾಡಬಹುದು. ಅಷ್ಟು ವರ್ಷ ಕಟ್ಟಿದ್ದೆಲ್ಲಾ ನೀರುಪಾಲು. ನನ್ನ ಕೌಂಟರ್ ಮುಂದೆ ನಿಂತು ಅತ್ತೋರನ್ನ ನಾನು ನೋಡಿದೀನಿ.”

“ಅದೆಲ್ಲಾ ಲಕ್ಷಕ್ಕೊಂದು ಮೇಡಂ,” ಎಂದು ಅವನು ಹಲ್ಲುಕಿರಿದ. “ಏನೂ ಆಗಲ್ಲ. ನನ್ನ ಜವಾಬ್ದಾರಿ.”

ಈ ಮಾತು ನನಗೆ ಹೊಸದಲ್ಲ. ಮನೆ ಮಾಲೀಕರು “ನೀರು ದಿನವೆಲ್ಲಾ ಬರುತ್ತೆ, ನನ್ನ ಜವಾಬ್ದಾರಿ” ಎಂದಾಗ ನಾನು, “ಹಾಗಾದ್ರೆ ಕರಾರು ಪತ್ರದಲ್ಲಿ ಬರೆದುಬಿಡಿ” ಎನ್ನುತ್ತೇನೆ. ಆ ಕ್ಷಣವೇ ನೀರು ಬೆಳಗ್ಗೆ ಒಂದು ಹೊತ್ತಿಗೆ ಇಳಿದುಬಿಡುತ್ತದೆ. ಈ ಮಹಾಶಯನ ಮುಂದೆಯೂ ಒಂದು ಬಿಳಿ ಹಾಳೆ ಇಟ್ಟೆ.

“ಶುಗರ್ ಇದೆ ಅಂತ ಇವರು ಹೇಳಿದ್ರು, ಇಲ್ಲ ಅಂತ ನಾನೇ ಹಾಕಿದೆ. ಹೀಗೆ ಒಂದು ಸಾಲು ಬರೆದು ಸಹಿ ಮಾಡಿ. ಆಮೇಲೆ ನೀವು ಹೇಳಿದ ಕಡೆ ನಾನೂ ಸಹಿ ಮಾಡ್ತೀನಿ.”

ಅವನು ಹಾಳೆ ನೋಡಿದ, ಫ್ಯಾನು ನೋಡಿದ, ಮೊಬೈಲು ನೋಡಿದ. “ಇನ್ನೊಂದು ಕಡೆ ಹೋಗೋದಿತ್ತು, ಮರೆತೇಬಿಟ್ಟಿದ್ದೆ” ಎಂದು ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ.

ನಮ್ಮವರಿಗೆ ಸಿಟ್ಟು ನೆತ್ತಿಗೇರಿತು.

“ಮನೆ ಬಾಗಿಲಿಗೆ ಬಂದವನನ್ನೂ ಓಡಿಸ್ದೆ! ನಾಳೆ ನಿನಗೇನಾದ್ರೂ ಆದ್ರೆ? ಆ ಹೆಂಗಸಿನ ಥರ ನಾನೂ ಬೆಂಚಿನ ಮೇಲೆ ಕೂತು ಊರವರನ್ನೆಲ್ಲಾ ಬೇಡ್ಬೇಕಾ?” ಕೊನೆಗೆ ದನಿ ನಡುಗಿತು. ಅವರಿಗೆ ಪ್ರೀಮಿಯಂ ಚಿಂತೆಯಲ್ಲ, ನನ್ನ ಚಿಂತೆ ಎಂದು ನನಗೆ ಆಗ ಅರ್ಥವಾಯಿತು.

“ಸುಳ್ಳು ಹೇಳಿ ಪಾಲಿಸಿ ತಗೊಂಡ್ರೂ ಅದೇ ಬೆಂಚೇ ರೀ,” ಎಂದೆ. “ನಾನು ಸುಳ್ಳೂ ಹೇಳಲ್ಲ, ಸುಮ್ನೆ ಕೈಕಟ್ಟಿಕೊಂಡೂ ಕೂರಲ್ಲ.”

“ಕೂರೋದೂ ಬೇಡ ಭಾವ,” ಎಂದಳು ಕೌಂಟರ್ ತಂಗಿ. “ಸ್ವಂತ ಕೆಲಸ ಮಾಡೋರೂ ಮನೆಮಂದಿಗೆಲ್ಲಾ ಸೇರಿಸಿ ಕುಟುಂಬ ಪಾಲಿಸಿ ತಗೋಬಹುದು. ಶುಗರ್ ಇದ್ದೋರಿಗೆ ಕೊಡೋ ಕಂಪನಿಗಳೂ ಇವೆ. ಒಬ್ಬರು ಇಲ್ಲ ಅಂದ್ರೆ ಎಲ್ಲರೂ ಇಲ್ಲ ಅಂದ ಹಾಗಲ್ಲ. ಸರ್ಕಾರದ ಯೋಜನೆ ನಿಮಗೆ ಸಿಗುತ್ತಾ, ಅದನ್ನೂ ವಿಚಾರಿಸಿ.”

ಮನೆ ಹುಡುಕುವ ಹಾಗೆಯೇ ಪಾಲಿಸಿ ಹುಡುಕಿದೆ. ಹೋದಲ್ಲೆಲ್ಲಾ ಮೊದಲ ಮಾತೇ, “ಶುಗರ್ ಇದೆ. ಈಗ ಹೇಳಿ.” ಒಂದು ಕಂಪನಿ ಇಲ್ಲ ಎಂದಿತು. ಇನ್ನೊಂದು ಕಂಪನಿ ರಕ್ತ ಪರೀಕ್ಷೆ ಮಾಡಿಸಿ ಒಪ್ಪಿತು. ಆದರೆ ಪ್ರೀಮಿಯಂ ಸ್ವಲ್ಪ ಜಾಸ್ತಿ, ಜೊತೆಗೆ ಶುಗರ್‌ಗೆ ಸಂಬಂಧಪಟ್ಟ ಖರ್ಚು ಕೊಡುವುದಕ್ಕೆ ಕೆಲವು ವರ್ಷ ಕಾಯಬೇಕಂತೆ.

“ನೋಡಿದ್ಯಾ! ಇರೋ ಕಾಯಿಲೆಗೇ ಕೊಡಲ್ಲ ಅಂದ್ಮೇಲೆ ಯಾವ ಭಾಗ್ಯಕ್ಕೆ?” ಎಂದರು ನಮ್ಮವರು.

ಕೌಂಟರ್ ತಂಗಿ ಅವತ್ತೂ ಮೇಲೆ ಬಂದಿದ್ದಳು. “ಭಾವ, ಕಾಯಬೇಕಾಗಿರೋದು ಶುಗರಿಗೆ. ಅಕ್ಕ ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡ್ರೆ? ನೀವು ಏಣಿಯಿಂದ ಬಿದ್ರೆ? ಮಗಳಿಗೆ ಜೋರು ಜ್ವರ ಬಂದು ಆಸ್ಪತ್ರೆ ಸೇರಿಸಬೇಕಾಗಿ ಬಂದ್ರೆ? ಅದಕ್ಕೆಲ್ಲಾ ಅಷ್ಟು ವರ್ಷ ಕಾಯಬೇಕಾಗಿಲ್ಲ. ವರ್ಷ ವರ್ಷ ತಪ್ಪಿಸದೆ ಕಟ್ಟಿ, ಕಾಯೋ ಕಾಲ ಮುಗಿದ ಮೇಲೆ ಶುಗರೂ ಸೇರುತ್ತೆ. ಮುಂದಿನ ವರ್ಷ ತಗೊಳ್ಳೋಣ ಅಂತ ಕೂತ್ರೆ ಕಾಯೋದೂ ಮುಂದಿನ ವರ್ಷದಿಂದಲೇ ಶುರು.”

ನಮ್ಮವರು ಗಲ್ಲ ಕೆರೆದುಕೊಂಡರು. ನಾನು ಬಿಡಲಿಲ್ಲ. ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ರೂಮಿನ ಬಾಡಿಗೆಗೆ ಮಿತಿ ಇದೆಯೇ, ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು ಎಂದು ಕಂಪನಿಯವರ ತಲೆ ತಿಂದೆ. ಉತ್ತರವನ್ನೆಲ್ಲಾ ಬರವಣಿಗೆಯಲ್ಲಿ ಕಳಿಸಿ ಎಂದೆ, ಕಳಿಸಿದರು.

ಕೊನೆಗೆ ಕಂಪನಿಯ ಡಾಕ್ಟರಮ್ಮ ಫೋನು ಮಾಡಿದರು. ಮನೆಯವರನ್ನೆಲ್ಲಾ ಒಬ್ಬೊಬ್ಬರಾಗಿ ಕೇಳುವ ಪದ್ಧತಿಯಂತೆ. ನನ್ನದು ಮುಗಿಯಿತು. ಸ್ಪೀಕರ್ ಹಾಕಿ ಫೋನನ್ನು ನಮ್ಮವರ ಮುಂದೆ ಹಿಡಿದೆ.

“ನಿಮಗೆ ಯಾವುದಾದ್ರೂ ಕಾಯಿಲೆ ಇದೆಯಾ ಸಾರ್? ಔಷಧಿ ಏನಾದ್ರೂ ತಗೊಳ್ತಿದೀರಾ?”

ಇಲ್ಲ ಎನ್ನುತ್ತಾರೆ, ಫೋನಿಡೋಣ ಎಂದು ಕಾದೆ. ಅವರು ನನ್ನ ಮುಖ ನೋಡಿದರು, ನೆಲ ನೋಡಿದರು.

“ಇದೆ ಮೇಡಂ,” ಎಂದರು. “ಉಬ್ಬಸ. ಗೋಡೆ ಉಜ್ಜೋ ಧೂಳಿಂದ ಬಂತು. ಬಹಳ ದಿನದಿಂದ ಇನ್‌ಹೇಲರ್ ತಗೊಳ್ತಿದೀನಿ. ಮನೇಲಿ... ಮನೇಲಿ ಗೊತ್ತಿಲ್ಲ.”

ಫೋನಿಡುವವರೆಗೆ ಹೇಗೋ ತಡೆದುಕೊಂಡೆ.

“ನನಗೂ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ಕೆಲಸಕ್ಕೆ ಹೋಗೋಕೆ ಬಿಡ್ತಿದ್ಯಾ?”

ಬೈಯಲು ಬಾಯಿ ತೆರೆದೆ, ಅಳು ಬಂತು. ಅತ್ತುಕೊಂಡೇ ಬೈದೆ. ಒಂದೇ ಹಾಸಿಗೆಯಲ್ಲಿ ಮಲಗುವ ಮನುಷ್ಯನ ಉಸಿರು ನನಗೆ ಗೊತ್ತಿರಲಿಲ್ಲವಲ್ಲ! ಅವರು ಎಲ್ಲಾ ಬೈಸಿಕೊಂಡರು. ಆಮೇಲೆ, “ಈಗ ಹಗುರ ಆಯ್ತು ಕಣೇ” ಎಂದರು.

ಪ್ರೀಮಿಯಂ ಇನ್ನಷ್ಟು ಏರಿತು. ಏರಲಿ. ಪಾಲಿಸಿ ಬಂತು. ನನ್ನ ಶುಗರ್, ಅವರ ಉಬ್ಬಸ ಎರಡೂ ಅದರಲ್ಲಿ ಅಚ್ಚಾಗಿವೆ. ಓದಿ ನೋಡಿ ಬೇಡವೆನಿಸಿದರೆ ವಾಪಸ್ ಮಾಡಲು ಕೆಲವು ದಿನ ಅವಕಾಶವಿತ್ತು. ನಾವಿಬ್ಬರೂ ಕೂತು ಒಂದು ಸಾಲು ಬಿಡದೆ ಓದಿದೆವು. ಈಗ ನಮ್ಮವರು ಧೂಳಿನ ಕೆಲಸಕ್ಕೆ ಮುಖಕ್ಕೆ ಮಾಸ್ಕ್ ಕಟ್ಟುತ್ತಾರೆ, ಜೊತೆಯ ಪೇಂಟರುಗಳಿಗೂ ಗದರಿಸಿ ಕಟ್ಟಿಸುತ್ತಾರೆ.

ಇದನ್ನು ಓದುತ್ತಿರುವ ಅಣ್ಣ, ಅಕ್ಕಂದಿರೇ, ನೀವು ಬ್ರೋಕರ್ ಆಗಿರಿ, ಟೈಲರ್ ಆಗಿರಿ, ಗಾಡಿ ಓಡಿಸುವವರಾಗಿರಿ, ನಿಮ್ಮ ಬೆನ್ನಿಗೆ ಯಾವ ಕಂಪನಿಯೂ ಇಲ್ಲದಿದ್ದರೆ ನಿಮ್ಮ ವಿಮೆಯನ್ನು ನೀವೇ ಹುಡುಕಿಕೊಳ್ಳಬೇಕು. ಮೈಯಲ್ಲಿ ಕಸುವಿರುವಾಗಲೇ ಹುಡುಕಿ. ಕಷ್ಟ ಎಂದವರನ್ನು ಯಾಕೆ ಎಂದು ಕೇಳಿ. ಸುಳ್ಳು ಹಾಕಿ ಎಂದವರಿಗೆ ಬಾಗಿಲು ತೋರಿಸಿ. ಕಾಯಿಲೆ ಇರುವುದು ನಾಚಿಕೆಗೇಡಲ್ಲ, ಅದನ್ನು ಯಾರ ಮುಂದೆಯೂ ತಲೆಯೆತ್ತಿಯೇ ಹೇಳಿ. ಮೊದಲು, ಇವತ್ತೇ, ನಿಮ್ಮ ಮನೆಯವರ ಮುಂದೆ ಹೇಳಿ.