ಲೋಟ ಹಿಡಿದವರ ಬಾಗಿಲು

ಮನುಷ್ಯರ ಕೈಸನ್ನೆಯನ್ನು ಕಂಪ್ಯೂಟರಿಗೆ ಕಲಿಸುವ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅದು. ಅಲ್ಲಿಗೊಂದು ಹೊಸ ಬಾಗಿಲು ಬಂದಿತ್ತು. ಬಲಗೈ ಎತ್ತಿದರೆ ಕ್ಯಾಮೆರಾ ನೋಡಿ ತೆರೆಯುತ್ತದೆ, ಹಾಜರಿಯನ್ನೂ ಹಾಕಿಕೊಳ್ಳುತ್ತದೆ. ಸಂಶೋಧಕರಿಗೆಲ್ಲ ತೆರೆಯಿತು. ಗುಡಿಸುವ ಅಕ್ಕನಿಗೆ ತೆರೆಯಲಿಲ್ಲ. ಯಾರದೋ ಬೆನ್ನ ಹಿಂದೆ ನುಸುಳಿ ಬಂದು ಅವಳು ದಿನವೂ ನೆಲ ಒರೆಸಿದಳು. ಆದರೂ ಪಟ್ಟಿಯಲ್ಲಿ ಐದು ದಿನ ಗೈರು. ಆರಾದರೆ ಹೆಸರು ಹೊಡೆದುಹಾಕುವುದು ನಿಯಮ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಮೇಷ್ಟ್ರೇ. ನಿಮ್ಮ ಬಾಗಿಲಿಗೆ ನನ್ನ ಕೈ ಕಂಡ್ರೇನೇ ಆಗಲ್ವಲ್ಲ!"

"ನೆಟ್ಟಗೆ ಎತ್ತಿ ನೋಡಮ್ಮ," ಎಂದರು ಕೇಂದ್ರದ ಮೇಷ್ಟ್ರು, ಪರದೆಯಿಂದ ಕಣ್ಣು ಕೀಳದೆ. "ಯಂತ್ರ ತಪ್ಪೋದಿಲ್ಲ."

ಹೌದು, ಯಂತ್ರ ತಪ್ಪುವುದಿಲ್ಲ. ತಪ್ಪುವುದೆಲ್ಲ ಗುಡಿಸುವವರ ಕೈಯೇ!

ಆರನೆಯ ದಿನ ಬಾಗಿಲು ನೋಡಲು ಅತಿಥಿಗಳು ಬಂದರು. ಅವರೆದುರು ಚೆನ್ನಾಗಿರಲೆಂದು ಸಂಶೋಧಕರೆಲ್ಲ ಸದಾ ಕೈಯಲ್ಲಿರುವ ತಮ್ಮ ಕಾಫಿ ಲೋಟಗಳನ್ನು ಹೊರಗಿನ ಕಿಟಕಿಕಟ್ಟೆಯ ಮೇಲಿಟ್ಟು, ಅಂಗಿ ನೀವಿಕೊಂಡು ನಿಂತರು. ಅಕ್ಕ ಅವನ್ನು ಒಂದೊಂದೇ ಬಕೆಟ್ಟಿಗೆ ತುಂಬತೊಡಗಿದಳು.

ಮೇಷ್ಟ್ರು ಗತ್ತಿನಿಂದ ಕೈ ಎತ್ತಿದರು. ಬಾಗಿಲು ಮಿಸುಕಲಿಲ್ಲ. ಶಿಷ್ಯರೂ ಎತ್ತಿದರು. ಆರು ಕೈಗಳು ಗಾಳಿಯಲ್ಲಿ, ಬಾಗಿಲು ಕಲ್ಲು.

"ಸ್ವಲ್ಪ ದಾರಿ ಬಿಡ್ರಪ್ಪಾ," ಎಂದು ಅಕ್ಕ ಬಲಗೈ ಎತ್ತಿದಳು. ಕೊನೆಯ ಲೋಟ ಇನ್ನೂ ಎಡಗೈಯಲ್ಲಿತ್ತು.

ಬಾಗಿಲು ಸರ್ರನೆ ತೆರೆಯಿತು.

ಕನ್ನಡಕದ ಶಿಷ್ಯೆ ಹಣೆ ಚಚ್ಚಿಕೊಂಡಳು. "ಸಾರ್! ಬಾಗಿಲಿಗೆ ಕಲಿಸೋಕೆ ನಮ್ಮದೇ ಸಾವಿರ ಫೋಟೋ ತೋರಿಸಿದ್ವಲ್ಲ? ಒಂದ್ರಲ್ಲೂ ಲೋಟ ಬಿಟ್ಟಿಲ್ಲ ನಾವು! ಲೋಟ ಇದ್ರೇನೇ ಮನುಷ್ಯ ಅಂದ್ಕೊಂಡಿದೆ ಅದು!"

ಅಕ್ಕ ಲೋಟವನ್ನು ಬಕೆಟ್ಟಿಗೆ ಹಾಕಿದಳು. ಬಾಗಿಲು ಮುಚ್ಚಿತು. ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ನಿಂತಳು.

"ತೆಗಿಯಮ್ಮಾ, ಅತಿಥಿಗಳು ಕಾಯ್ತಿದ್ದಾರೆ."

"ನಾನೂ ಐದು ದಿನ ಕಾದೆ ಮೇಷ್ಟ್ರೇ. ಯಂತ್ರ ತಪ್ಪೋದಿಲ್ಲ ಅಂದ್ರಲ್ಲ, ಹಂಗಾದ್ರೆ ಇವತ್ತು ನೀವೆಲ್ಲ ಗೈರು. ಬರ್ಕೊಳ್ಲಾ?"

ಅತಿಥಿಯೊಬ್ಬರು ಕಿಸಕ್ಕನೆ ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಜೇಬಿನಿಂದ ಪೆನ್ನು ತೆಗೆದು, ಗೋಡೆಗೆ ಕಾಗದವಿಟ್ಟು, ಐದು ದಿನವೂ ಅವಳು ಹಾಜರೆಂದು ಬರೆದು ಸಹಿ ಹಾಕಿದರು. ಅಕ್ಕ ಅಕ್ಷರ ಅಕ್ಷರ ಓದಿ, ಮಡಿಚಿ, ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಆಮೇಲೆ ಬಕೆಟ್ಟಿನಿಂದ ಎಲ್ಲಕ್ಕಿಂತ ಕೊಳಕಾದ ಲೋಟವನ್ನೇ ಆರಿಸಿ ಅವರ ಎಡಗೈಗಿಟ್ಟಳು.

"ಎತ್ತಿ ಈಗ, ನೆಟ್ಟಗೆ. ಒಳಗೆ ಹೋದ್ಮೇಲೆ ತೊಳೆದಿಡಿ."