ಅಬಿ ಕುನ್ಜೆಸ್ ಕೂಡಿಟ್ಟ ಮಣ್ಣು

ಅಬಿ ಕುನ್ಜೆಸ್ ತನ್ನ ಎಪ್ಪತ್ತಾರು ವರ್ಷದ ಆಯುಷ್ಯದಲ್ಲಿ ಪರರ ಮನೆಯ ಪಾಯಿಖಾನೆಯ ಹೊಸ್ತಿಲು ತುಳಿದವಳಲ್ಲ. ಕೆಳಗಿನ ಊರಿನ ಮದುವೆಯಲ್ಲಿ ನಗಾರಿಯೂ ಸುರ್ನಾಯಿಯೂ ರಂಗೇರುತ್ತಿರುವಾಗ, ಬಾರ್ಲಿ ಹೆಂಡ ಚಾಂಗಿನ ಬಟ್ಟಲು ಮೂರನೆಯ ಸುತ್ತಿಗೆ ಬರುತ್ತಿರುವಾಗ, ಅವಳು ಇದ್ದಕ್ಕಿದ್ದಂತೆ ಶಾಲು ಬಿಗಿದು ಎದ್ದು ನಿಂತಳೆಂದರೆ ಸಾಲಾಗಿ ಕೂತವರೆಲ್ಲ ಮೊಣಕಾಲು ಮಡಚಿ ದಾರಿ ಬಿಡುತ್ತಿದ್ದರು. ಒಂದೂವರೆ ಮೈಲಿಯ ಏರುಹಾದಿ ನಡೆದು, ಸ್ವಂತ ಮನೆಯಲ್ಲಿ ಕೆಲಸ ಮುಗಿಸಿ, ಮೇಲೊಂದು ಸಲಿಕೆ ಮಣ್ಣು ಹಾಕಿ ಅವಳು ಮತ್ತೆ ಇಳಿದು ಬರುವಷ್ಟರಲ್ಲಿ ಅವಳ ಥುಕ್ಪಾ ಸಾರು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿರುತ್ತಿತ್ತು.

“ಅಲ್ಲ ಅಬಿ, ಇಲ್ಲೇ ಮೇಲ್ಗಡೆ ಇದೆಯಲ್ಲ?” ಎಂದು ಮದುವೆಮನೆಯವರು ಕೇಳಿದರೆ ಅವಳದು ಒಂದೇ ಉತ್ತರ. “ಇದೆ, ಬರ್ತಾ ನೋಡ್ದೆ. ನಿಮ್ಮ ಹೊಲಕ್ಕೆ ನಾನ್ಯಾಕೆ ಗೊಬ್ಬರ ಹಾಕ್ಲಿ? ಉಂಡದ್ದು ನಿಮ್ಮದು ಅಂತೀರೇನು? ನಾಳೆ ನಮ್ಮನೆಗೆ ಊಟಕ್ಕೆ ಬನ್ನಿ, ಸರಿಹೋಗ್ತದೆ.”

ಊರಿಗೆಲ್ಲ ಅವಳು ಅಬಿ, ಅಜ್ಜಿ. ಲಡಾಖಿನ ಆ ಎತ್ತರದಲ್ಲಿ ಮಣ್ಣೆಂಬುದು ಬಂಡೆಯ ಮೇಲೆ ಹಿರಿಯರು ಬುಟ್ಟಿಬುಟ್ಟಿಯಾಗಿ ಹೊತ್ತು ಹರಡಿದ ವಸ್ತು. ಅದನ್ನು ಬಲ್ಲವರಂತೆ ಅವಳು ನಡೆಯುತ್ತಿದ್ದಳು. ಬುಟ್ಟಿ ಹೊತ್ತೂ ಹೊತ್ತೂ ಎಡಕ್ಕೆ ವಾಲಿದ ಮೈ, ನೆಲವನ್ನು ಕೇಳಿಕೊಂಡು ಇಟ್ಟಂಥ ಹೆಜ್ಜೆ. ಮೈಮೇಲೆ ಮದುವೆಗೆ ನೇಯಿಸಿದ್ದ ಕೆಂಗಂದು ಗೊಂಚಾ. ಆ ನಿಲುವಂಗಿಯ ಎದೆಮಡಿಕೆಯಲ್ಲಿ ಬೇರೆ ಹೆಂಗಸರು ಬಟ್ಟಲನ್ನೋ ಒಣ ಜರ್ದಾಳು ಹಣ್ಣನ್ನೋ ಇಟ್ಟುಕೊಂಡರೆ ಇವಳದರಲ್ಲಿ ಒಂದು ಹಿಡಿ ಒಣಮಣ್ಣು. ಬರಿಗೈಯಲ್ಲಿ ಮನೆಯೊಳಗೆ ಕಾಲಿಡಬಾರದೆಂಬುದು ಅವಳ ನೇಮ. ಎಲ್ಲಿಂದ ಬಂದರೂ ಮೊದಲು ಮಹಡಿಗೆ ಹೋಗಿ, ಪಾಯಿಖಾನೆಯ ಮೂಲೆಯ ಗುಡ್ಡೆಗೆ ಆ ಹಿಡಿಮಣ್ಣನ್ನು ಸುರಿದು, ಆಮೇಲೆ ಒಲೆಯ ಮುಂದೆ ಕೂರುವಳು.

ನಮ್ಮ ಮನೆಗಳ ಪಾಯಿಖಾನೆಗೆ ನೀರಿನ ಹಂಗಿಲ್ಲ. ಮಹಡಿಯ ಮಣ್ಣುನೆಲದ ನಡುವೆ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣು, ಒಲೆಯ ಬೂದಿ, ಒಂದು ಸಲಿಕೆ. ಕೆಳಗೆ ಕತ್ತಲೆಯ ಕೋಣೆ. ವಸಂತದಲ್ಲಿ ಆ ಕೋಣೆಯ ಬಾಗಿಲು ತೆರೆದರೆ ಹೊಲಕ್ಕೆ ಬೇಕಾದ ಗೊಬ್ಬರ ಸಿದ್ಧ. ಮಣ್ಣು ಹಾಕಿದರೆ ವಾಸನೆಯಿಲ್ಲ. ಹಾಕದಿದ್ದರೆ ಆ ಮನೆಗೆ ಮಾನವಿಲ್ಲ.

ಮಗ ಜಿಗ್ಮೆತ್‌ಗೆ ಮದುವೆಯಾದ ಮೇಲೆ ನಮ್ಮ ಪದ್ಧತಿಯಂತೆ ಅಬಿ ದೊಡ್ಡಮನೆಯನ್ನು ಸೊಸೆ ಯಾಂಗ್ಡೋಲಳಿಗೆ ಒಪ್ಪಿಸಿ, ಅಂಗಳದಾಚೆಯ ಚಿಕ್ಕಮನೆಗೆ ಬಂದಳು. ಪಾತ್ರೆ ಒಪ್ಪಿಸಿದಳು, ಕೀಲಿ ಒಪ್ಪಿಸಿದಳು. ಆದರೆ ಪ್ರತಿದಿನ ಬೆಳಗ್ಗೆ ಮೂವತ್ತೆರಡು ಹೆಜ್ಜೆ ನಡೆದು ದೊಡ್ಡಮನೆಯ ಮಹಡಿ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಹೊಲ ಒಂದೇ ಆದಮೇಲೆ ಗೊಬ್ಬರ ಎರಡು ಕಡೆ ಬೀಳುವುದೇಕೆ?

ಜಿಗ್ಮೆತ್ ಲೇಹ್‌ನಲ್ಲಿ ಜೀಪು ಓಡಿಸುತ್ತಿದ್ದ. ಮನೆಯೂ ಹೊಲವೂ ಯಾಂಗ್ಡೋಲಳ ಮೇಲೆ. ಜಾಣೆ, ಗಟ್ಟಿಗಿತ್ತಿ. ಬೆಟ್ಟ ನೋಡಲು ಬರುವವರಿಗೆ ಮೂರು ಕೋಣೆ ಸಜ್ಜುಮಾಡಿದಳು. ಬಂದವರು ಕಿಂಡಿಯನ್ನು ಬಗ್ಗಿ ನೋಡಿ ಮುಖ ಕಿವುಚಿದ್ದನ್ನು ಕಂಡು, ಒಂದು ಬೇಸಿಗೆಯಲ್ಲಿ ಪಕ್ಕಕ್ಕೇ ಬಿಳಿಯ ಕಮೋಡ್ ಇಡಿಸಿ, ಮಾಳಿಗೆಯ ಮೇಲೆ ಕಪ್ಪು ಟ್ಯಾಂಕಿ ಕೂರಿಸಿ, ಬುಗ್ಗೆಯಿಂದ ಪೈಪು ಎಳೆಸಿದಳು. ಹಳೆಯ ಕಿಂಡಿಯ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ತಗಡಿನ ಪೆಟ್ಟಿಗೆ ಹೇರಿದಳು.

“ವಸಂತಕ್ಕೆ ಅದನ್ನ ಕೆಡವಿಸ್ತೀನಿ ಅಮ್ಮಾಲೇ. ಇನ್ನೊಂದು ಕೋಣೆ ಆಗ್ತದೆ.”

“ಮನೆ ನಿಂದು” ಎಂದಳು ಅಬಿ. ಮರುದಿನ ಬೆಳಗ್ಗೆ ಎಂದಿನಂತೆ ಮಹಡಿ ಹತ್ತಿ, ಪೆಟ್ಟಿಗೆ ಸರಿಸಿ, ಹಲಗೆ ಎತ್ತಿ, ಆಮೇಲೆ ಪೆಟ್ಟಿಗೆಯನ್ನು ಧೂಳಿನ ಗುರುತಿನ ಮೇಲೇ ಸರಿಯಾಗಿ ಕೂರಿಸಿ ಇಳಿದಳು. ಯಾಂಗ್ಡೋಲ್ ಕಂಡೂ ಕಾಣದಂತೆ ಹಿಟ್ಟು ನಾದುತ್ತಿದ್ದಳು. ಆ ಕಿಂಡಿ ಹೋದರೆ ಮನೆಯ ಹಿರಿಯ ಹೊಲವಾದ ತಾಯಿಹೊಲಕ್ಕೆ ಗೊಬ್ಬರವಿಲ್ಲ, ಬುಗ್ಗೆಗೆ ಬಿಡುವಿಲ್ಲ. ಜೊತೆಗೆ, ದಿನ ಬೆಳಗಾದರೆ ದೊಡ್ಡಮನೆಯ ಮೆಟ್ಟಿಲು ಹತ್ತಲು ತನಗೆ ನೆಪವಿಲ್ಲ. ಮೂರನೆಯದನ್ನು ಅಬಿ ಯಾರಿಗೂ ಹೇಳಲಿಲ್ಲ.

ವಾದ ಮಾಡುವುದು ಅವಳ ಜಾಯಮಾನವಲ್ಲ. ಚಿಕ್ಕಮನೆಯ ಕಿಟಕಿಯಲ್ಲಿ ಜಪಮಾಲೆ ಹಿಡಿದು ಕೂತಳು. ದೊಡ್ಡಮನೆಯಿಂದ ನೀರು ಭೋರೆಂದು ಬಿದ್ದ ಸದ್ದು ಕೇಳಿದಾಗೆಲ್ಲ ಮಂತ್ರ ನಿಲ್ಲಿಸಿ, ಪಕ್ಕದ ಬಟ್ಟಲಿಗೆ ಒಂದು ಜರ್ದಾಳು ಬೀಜ ಹಾಕುವಳು. ಸಂಜೆ ಸೊಸೆ ಹಾಲು ತಂದಾಗ, “ಇವತ್ತು ಮೂವತ್ತೊಂದು” ಎನ್ನುವಳು. ಅಷ್ಟೇ.

“ಮೂವತ್ತೊಂದು ಏನಮ್ಮಾಲೇ?”

“ಬಕೆಟ್ಟು.”

ಶ್ರಾವಣದಲ್ಲಿ, ಊರಿನ ನೀರು ಹಂಚುವ ಚುರ್ಪೋನ್, ಊರಿಗೆಲ್ಲ ಅಜ್ಜನಾದ ಮೇಮೆ ಛೋಸ್ಪೆಲ್, ಸಲಿಕೆ ಹೆಗಲಿಗಿಟ್ಟು ಬಂದ. “ಯಾಂಗ್ಡೋಲ್, ನಿನ್ನ ಟ್ಯಾಂಕಿಗೆ ಏನು ದಾಹವಮ್ಮಾ? ನಾನು ನೀರು ಬಿಟ್ಟದ್ದು ಬಟಾಣಿಗೆ. ಅದು ಬಟಾಣಿಗೂ ಹೋಗ್ಲಿಲ್ಲ, ಬಾಯಿಗೂ ಹೋಗ್ಲಿಲ್ಲ.” ಯಾಂಗ್ಡೋಲ್ ಕೆಂಪಾದಳು. ಕಿಟಕಿಯಲ್ಲಿದ್ದ ಅಬಿ ಸೊಸೆಯ ಪರ ವಹಿಸಿದಳು: “ಹೋಗಯ್ಯ ಹೋಗು, ನಿನ್ನ ಕಾಲುವೆ ಸೋರೋದು ಮೊದಲು ಮುಚ್ಚು.” ಛೇಡಿಸುವುದಿದ್ದರೆ ತಾನು ಛೇಡಿಸಬೇಕು, ಊರಲ್ಲ.

ಶರತ್ಕಾಲ ಬಂತು. ನೆಲ ಹೆಪ್ಪುಗಟ್ಟುವ ಮುನ್ನ ಆರು ತಿಂಗಳಿಗಾಗುವಷ್ಟು ಮಣ್ಣನ್ನು ಒಣಗಿಸಿ, ಜರಡಿ ಹಿಡಿದು ಮಹಡಿಗೆ ಏರಿಸುವ ಹದಿನೈದು ದಿನ ನಮ್ಮಲ್ಲಿ ಸುಗ್ಗಿಯಷ್ಟೇ ಅವಸರದ ಕಾಲ. ಆ ವರ್ಷ ದೊಡ್ಡಮನೆಯ ಬುಟ್ಟಿ ಗೋಡೆಯಿಂದಿಳಿಯಲಿಲ್ಲ. ಕಮೋಡ್ ಇರುವಾಗ ಮಣ್ಣೇಕೆ? ಅಬಿ ಮಾತ್ರ ದಿನಕ್ಕೆ ಏಳು ಬುಟ್ಟಿಯಂತೆ ಚಿಕ್ಕಮನೆಯೊಳಗೆ ಹೊತ್ತಳು. ಬಾವಿಯಂಥ ಆ ಒಂದೇ ಕೋಣೆ ಎಷ್ಟು ನುಂಗೀತೆಂದು ಊರು ಬೆರಗಾಯಿತು. “ಈ ಸಲ ಅಬಿ ಮನೆಯೊಳಗೇ ಉಳುಮೆಯಂತೆ” ಎಂದು ಬುಗ್ಗೆಯ ಬಳಿ ಹೆಂಗಸರು ನಕ್ಕರು. “ಎತ್ತು ಯಾರದು ತರ್ತೀಯ ಅಬಿ?” “ನಿನ್ನ ಗಂಡನ್ನ ಕಳಿಸು” ಎಂದಳು ಅಬಿ, ಬುಟ್ಟಿ ಇಳಿಸದೆ.

ಚಳಿಗಾಲದಲ್ಲಿ ಹೊಳೆ ಸತ್ತು, ಬುಗ್ಗೆಯೊಂದೇ ಇಡೀ ಊರಿನ ಉಸಿರು. ಪೈಪು ಹೆಪ್ಪುಗಟ್ಟದಿರಲೆಂದು ಯಾಂಗ್ಡೋಲ್ ನಲ್ಲಿಯನ್ನು ಹಗಲಿರುಳೂ ತೊಟ್ಟಿಕ್ಕಲು ಬಿಟ್ಟಳು. ಬುಗ್ಗೆಯಲ್ಲಿ ಕ್ಯಾನು ತುಂಬುವುದು ತಡವಾಯಿತು, ಕಾಯುವ ಸಾಲು ಉದ್ದವಾಯಿತು, ನಗೆಯೂ ನಿಂತಿತು. ಆಮೇಲೆ ಹಿಮಚಿರತೆ ನೋಡಲೆಂದು ಆರು ಮಂದಿ ದೂರದೇಶದವರು ಬಂದಿಳಿದರು. ಮರುದಿನ ಬೆಳಗ್ಗೆ ಯಾಂಗ್ಡೋಲ್ ತಲೆಗೂದಲು ಕಟ್ಟದೆ ಅಂಗಳ ದಾಟಿ ಓಡಿಬಂದಳು.

“ಅಮ್ಮಾಲೇ, ನೀರು ಕಲ್ಲಾಗಿದೆ. ಪೈಪೂ ಒಡೀತು.”

“ಗೊತ್ತು. ಬೆಳಗಿಂದ ಒಂದೂ ಬೀಜ ಬಿದ್ದಿಲ್ಲ.”

“ತಮಾಷೆ ಬೇಡ. ಆರು ಜನ ಇದಾರೆ! ಒಬ್ಬ ಅಂತೂ ಮೂರು ಸಲ ಬಂದು ಹೊಟ್ಟೆ ಹಿಡ್ಕೊಂಡು ಮುಖ ತೋರಿಸಿ ಹೋದ. ಹಳೇದರ ಹಲಗೆ ತೆಗೀಬಹುದು, ಹಾಕೋಕೆ ಮಣ್ಣೆಲ್ಲಿದೆ? ಗುದ್ದಲಿ ಹಾಕಿದ್ರೆ ನೆಲದಲ್ಲಿ ಕಿಡಿ ಹಾರ್ತದೆ.”

“ಮೊದಲು ಚಹಾ ಕುಡಿ.”

“ಚಹಾ ಕುಡಿಯೋ ಹೊತ್ತಾ ಇದು?” ಯಾಂಗ್ಡೋಲ್ ಗೋಡೆಬದಿಯ ಜಗಲಿಯ ಮೇಲೆ ಕುಸಿದು ಅಳತೊಡಗಿದಳು.

“ಹಾಗಾದ್ರೆ ಏಳು. ನೀನು ಕೂತಿರೋದೇ ಮಣ್ಣಿನ ಮೇಲೆ.”

ಜಗಲಿಯಂತಿದ್ದದ್ದು ಕಂಬಳಿ ಹೊದ್ದ ಚೀಲಗಳ ಸಾಲು. ಹಾಸಿಗೆ ಎತ್ತಿದರೆ ಅಲ್ಲೂ ಮಣ್ಣು. ಹಿಟ್ಟಿನ ಕಣಜದ ಹಿಂದೆ ಮಣ್ಣು. ತೀರಿಹೋದ ಗಂಡನ ಪೆಟ್ಟಿಗೆಯಲ್ಲಿ, ಅವನ ಟೋಪಿಯೊಂದನ್ನು ಬಿಟ್ಟು, ಬರೀ ಮಣ್ಣು. ನುಣ್ಣಗೆ, ಒಣಗಿ, ಶರತ್ಕಾಲದ ಬಿಸಿಲು ಇನ್ನೂ ಆರಿಲ್ಲವೇನೋ ಎಂಬಂಥ ಮಣ್ಣು. ಯಾಂಗ್ಡೋಲ್ ಅದರೊಳಗೆ ಎರಡೂ ಕೈ ಮುಳುಗಿಸಿ ಅತ್ತೆಯ ಮುಖ ನೋಡಿದಳು.

“ಇದನ್ನೆಲ್ಲ ನನಗಂತಾ ಹೊತ್ರಾ?”

“ನಿನಗಲ್ಲ, ಹೊಲಕ್ಕೆ. ಎತ್ತು ಬೇಗ, ಆ ಪುಣ್ಯಾತ್ಮ ನಾಲ್ಕನೇ ಸಲ ಬರೋದ್ರೊಳಗೆ.”

ಅತ್ತೆ ಸೊಸೆ ಇಬ್ಬರೂ ಮೂವತ್ತೆರಡು ಹೆಜ್ಜೆಯನ್ನು ಹನ್ನೆರಡು ಸಲ ನಡೆದರು. ತಗಡಿನ ಪೆಟ್ಟಿಗೆ ಅಂಗಳಕ್ಕೆ ಬಿತ್ತು. ಮೂರು ಸಲ ಬಂದಿದ್ದವನು ಮಹಡಿಯಿಂದ ಇಳಿದವನೇ ಎದೆಯ ಮೇಲೆ ಕೈಯಿಟ್ಟು, ಅಬಿಗೆ ನಡು ಬಗ್ಗಿಸಿ “ಜುಲೇ” ಎಂದ; ಬೌದ್ಧಮಠದಲ್ಲಿ ಹಿರಿಯ ಲಾಮಾನಿಗೂ ಅಷ್ಟು ಭಕ್ತಿಯ ನಮಸ್ಕಾರ ಬಿದ್ದದ್ದನ್ನು ನಾವು ಕಂಡಿಲ್ಲ. ಒಡೆದ ಪೈಪನ್ನು ಬುಗ್ಗೆಯ ಬುಡದಲ್ಲೇ ಕಟ್ಟಿ ಮುಚ್ಚಿದರು. ಮೂರನೆಯ ದಿನಕ್ಕೆ ಕ್ಯಾನುಗಳು ಮೊದಲಿನಂತೆ ಬೇಗ ತುಂಬತೊಡಗಿದವು. ಸಂಜೆ ಹಾಲು ತಂದ ಸೊಸೆ ತಾನಾಗಿಯೇ ಕೇಳಿದಳು: “ಇವತ್ತು ಎಷ್ಟು ಅಮ್ಮಾಲೇ?”

“ಸೊನ್ನೆ” ಎಂದಳು ಅಬಿ. ಆಮೇಲೆ ಅದುವರೆಗೆ ಎಣಿಸಲು ಇಟ್ಟುಕೊಂಡಿದ್ದ ಬೀಜಗಳನ್ನು ಒಡೆದು, ತಿರುಳನ್ನು ಇಬ್ಬರೂ ಹಂಚಿಕೊಂಡು ತಿಂದರು.

ವಸಂತದಲ್ಲಿ ಕೆಡವಲು ಯಾರೂ ಬರಲಿಲ್ಲ. ಕೆಳಕೋಣೆಯ ಬಾಗಿಲು ತೆರೆದು ಗೊಬ್ಬರವನ್ನು ತಾಯಿಹೊಲಕ್ಕೆ ಹೊತ್ತರು. ಯಾಂಗ್ಡೋಲ್ ಒಂದು ಹಿಡಿ ಎತ್ತಿ ಮೂಸಿ, “ಮಣ್ಣೇ” ಎಂದಳು. ಬಿಳಿಯ ಕಮೋಡ್ ಈಗ ಅಂಗಳದಲ್ಲಿದೆ; ಅದರಲ್ಲಿ ಈರುಳ್ಳಿ ಸಸಿ ಚೆನ್ನಾಗಿ ಬರುತ್ತದೆ. ಬೆಳಗ್ಗೆ ಅಬಿ ಮೆಟ್ಟಿಲು ಹತ್ತುವ ಹೊತ್ತಿಗೆ ದೊಡ್ಡಮನೆಯ ಬಾಗಿಲಿಗೆ ಅಗಳಿ ಇರುವುದಿಲ್ಲ. ಇಳಿದು ಬರುವಾಗ ಒಲೆಯ ಬಳಿ ಅವಳ ಬಟ್ಟಲಿಗೆ ಚಹಾ ಬಿದ್ದಿರುತ್ತದೆ.

ಮೊನ್ನೆ ಕೆಳಗಿನ ಊರಿನಲ್ಲಿ ಮತ್ತೊಂದು ಮದುವೆ. ನಗಾರಿ ಏರುತ್ತಿರುವಾಗ ಒಬ್ಬಳು ಇದ್ದಕ್ಕಿದ್ದಂತೆ ಶಾಲು ಬಿಗಿದು ಎದ್ದಳು. ಅಬಿಯಲ್ಲ, ಯಾಂಗ್ಡೋಲ್. “ಅಯ್ಯೋ, ಅತ್ತೆ ಕಾಯಿಲೆ ಸೊಸೆಗೂ ಹತ್ತಿತಲ್ಲಪ್ಪ!” ಎಂದು ಮೇಮೆ ಛೋಸ್ಪೆಲ್ ಕೂಗಿದ, ಪಂಕ್ತಿಯೆಲ್ಲ ನಕ್ಕಿತು. ಅಬಿ ನಗಲಿಲ್ಲ. ಮೊಣಕಾಲು ಮಡಚಿ ಸೊಸೆಗೆ ದಾರಿ ಬಿಟ್ಟಳು. ಅವಳ ಥುಕ್ಪಾ ಬಟ್ಟಲಿನ ಮೇಲೆ ಒಂದು ರೊಟ್ಟಿ ಮುಚ್ಚಿಟ್ಟಳು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರ ಹಟ ಬಿಸಿಲಿನ ದಿನಗಳಲ್ಲಿ ನಗೆಪಾಟಲಾಗಿಯೇ ಕಾಣುವುದು ಸಹಜ. ಏಕೆಂದರೆ ಅವರು ಬದುಕುವುದು ಇನ್ನೂ ಬಾರದ ಹಿಮದ ಲೆಕ್ಕದಲ್ಲಿ. ತಾವು ಹೇಳಿದ್ದೇ ಸರಿಯಾಯಿತೆಂದು ಆಡಿ ತೋರಿಸುವ ದಿನ ಬಂದಾಗಲೂ ಅವರು ಅದನ್ನು ಆಡುವುದಿಲ್ಲ. ಏಳು ಎನ್ನುತ್ತಾರೆ, ನಾವು ಕೂತಿದ್ದ ಜಾಗದಿಂದಲೇ ನಮಗೆ ಬೇಕಾದ್ದನ್ನು ಎತ್ತಿ ಕೊಡುತ್ತಾರೆ.