ದೊಡ್ಡ ಗೇಟಿನ ಎದುರು

ಉಮರ್ ಫಾರೂಕ್ ಮುಷ್ಟಿ ಕಟ್ಟಿ ದೊಡ್ಡ ಗೇಟನ್ನು ಮೂರು ಸಲ ಗುದ್ದಿದ. ಹಿಂದೆ ರಸ್ತೆಯಲ್ಲಿ, ತೀರಿಕೊಂಡ ಅವನ ತಾಯಿ ಮರಿಯಂಳ ಜನಾಜ ಹೊತ್ತವರು ಹೆಗಲು ಬದಲಿಸಿಕೊಂಡರು.

ಜನಾಜದ ಪಕ್ಕ ನಿಂತಿದ್ದ ಮರಿಯಂಳ ಗಂಡ ಸರ್ದಾರ್ ಸಾಬರು ಇದೇ ಗೇಟಿನಲ್ಲಿ ಇಪ್ಪತ್ತಾರು ವರ್ಷ ಕಾವಲು ಕೂತವರು. ಚಿಕ್ಕಮಗಳೂರಿನ ಆ ಕಾಫಿ ಕ್ಯೂರಿಂಗ್ ಕಾರ್ಖಾನೆ ಮುಚ್ಚಿ ಮೂರು ವರ್ಷವಾಗಿತ್ತು. ಈಗ ಮಂಗಳೂರಿನ ಕಂಪನಿಯೊಂದು ಒಳಗೆ ಭಾರೀ ಅಂಗಡಿ ಕಟ್ಟಿಸುತ್ತಿತ್ತು. ಗುಂಡುಸೂಜಿಯಿಂದ ಕಬ್ಬಿಣದ ಬೀರುವಿನ ತನಕ ಎಲ್ಲವೂ ಒಂದೇ ಸೂರಿನಡಿ ಸಿಗುವುದಂತೆ. ಬೋರ್ಡು ಹಾಗೆ ಹೇಳುತ್ತಿತ್ತು.

ಖಬರಸ್ತಾನ್ ಇದ್ದದ್ದು ಕಾರ್ಖಾನೆಯ ಬೆನ್ನಿಗೆ. ಕಾಫಿ ಒಣಗಿಸುತ್ತಿದ್ದ ಕಣದ ಮೇಲೆ ಹಾದರೆ ಐದು ನಿಮಿಷ, ರಸ್ತೆ ಸುತ್ತಿದರೆ ಒಂದೂವರೆ ಮೈಲಿ. ಕಾರ್ಖಾನೆಯ ಗಂಡಸರಲ್ಲಿ ಯಾರು ತೀರಿಕೊಂಡರೂ, ಯಾವ ಜಾತಿಯವರಾದರೂ, ದೊಡ್ಡ ಗೇಟಿನಿಂದ ಒಳತಂದು ಕಣದಲ್ಲಿ ಒಂದು ಗಳಿಗೆ ಇಳಿಸಿ, ಜೊತೆಯವರು ಸುತ್ತ ನಿಂತು ಬೀಳ್ಕೊಡುವುದು ವಾಡಿಕೆಯಾಗಿತ್ತು. ಕಾಫಿ ಬೀಜದಿಂದ ಕೆಟ್ಟದ್ದನ್ನು ಆರಿಸುವ ಹೆಂಗಸರಿಗೆ ಆ ಮರ್ಯಾದೆ ಇರಲಿಲ್ಲ. ದಿನಗೂಲಿಯ ಅವರು ಬದುಕಿದ್ದಾಗ ಪಕ್ಕದ ದಿಡ್ಡಿ ಬಾಗಿಲಿನಲ್ಲಿ ಬಗ್ಗಿ ಓಡಾಡಿದರು, ಸತ್ತಾಗ ರಸ್ತೆ ಸುತ್ತಿ ಹೋದರು.

ಈ ದಿನ ಅಂಥ ಇಪ್ಪತ್ತು ಹೆಂಗಸರು ಬಂದು ನಿಂತಿದ್ದರು. ಮಸೀದಿಯ ಹಿರಿಯರಾದ ಗುಲಾಮ್ ಮುಸ್ತಫಾ ಗಡ್ಡ ಸವರಿಕೊಂಡರು. "ಜನಾಜದ ಹಿಂದೆ ಹೆಂಗಸರು ಬರೋದು ನಮ್ಮಲ್ಲಿ ಇಲ್ಲಮ್ಮ."

"ಗೋರಿ ತನಕ ಬರಲ್ಲ ಸಾಬ್ರೇ, ಕಣದ ತನಕ ಅಷ್ಟೆ," ಎಂದಳು ಬಸಮ್ಮ. ಮರಿಯಂಳ ಪಕ್ಕದಲ್ಲಿ ಕೂತು ಕಾಫಿ ಆರಿಸಿದವಳು ಅವಳು.

*

ಎಪ್ಪತ್ತೆರಡನೇ ಇಸವಿಯ ಬೇಸಿಗೆ. ಮದ್ರಾಸಿನಿಂದ ಬಂದ ಖರೀದಿದಾರರು ಒಂದು ಚೀಲದೊಳಗೆ ಕೈಯಾಡಿಸಿ, ಕಪ್ಪು ಬೀಜ ಒಂದೂ ಸಿಗದೆ, ಇದನ್ನು ಆರಿಸಿದವರು ಯಾರೆಂದು ಕೇಳಿದರು. ಮರಿಯಂ ಎರಡು ಕೈಯಲ್ಲೂ ಒಟ್ಟಿಗೆ ಆರಿಸುತ್ತಿದ್ದಳು. ಹೊಸಬರಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಒಳ್ಳೇದನ್ನ ಮುಟ್ಟಬೇಡಿ, ಅದು ಅದರ ಪಾಡಿಗೆ ಇರಲಿ. ಕೆಟ್ಟದ್ದನ್ನ ಮಾತ್ರ ತೆಗೀರಿ."

ಅವಳನ್ನು ದೊಡ್ಡ ಗೇಟಿನಿಂದ ಕರೆತಂದು ಹಾರ ಹಾಕಬೇಕೆಂದು ಮ್ಯಾನೇಜರರು ಹೇಳಿ ಕಳಿಸಿದರು. ಸರ್ದಾರರು ಹೊಸ ರುಮಾಲು ಸುತ್ತಿ, ಚಿಲಕಕ್ಕೆ ಕೈಯಿಟ್ಟು ಕಾದರು.

ಮ್ಯಾನೇಜರರೂ ಗೇಟಿಗೆ ಬಂದರು. ಮರಿಯಂ ಹೊರಗೇ ನಿಂತಳು. "ನಮ್ಮ ಸಾಲಲ್ಲಿ ನಲವತ್ತು ಜನ ಇದ್ದೀವಿ ದೊರೆ. ಒಬ್ಬಳ ಕೈಯಲ್ಲಿ ಆಗಿದ್ದಲ್ಲ ಇದು. ಗೇಟು ತೆಗೆಯೋದಾದ್ರೆ ನಲವತ್ತು ಜನಕ್ಕೂ ತೆಗೀರಿ."

ಮ್ಯಾನೇಜರರು ನಕ್ಕು ಒಳಗೆ ಹೋದರು. ಹಾರ ಮೇಜಿನ ಮೇಲೆ ಬಾಡಿತು. ಮರಿಯಂ ದಿಡ್ಡಿ ಬಾಗಿಲಿನಲ್ಲಿ ಬಗ್ಗಿ ಕೆಲಸಕ್ಕೆ ಹೋದಳು.

"ಒಂದು ದಿನವಾದ್ರೂ ತಲೆ ಎತ್ತಿ ಬರಬಹುದಿತ್ತಲ್ಲ ಮಾರಾಯ್ತಿ," ಎಂದು ಸರ್ದಾರರು ಸಂಜೆ ರೇಗಿದರು.

"ನಾನು ಬಗ್ಗೋದು ಬಾಗಿಲಿಗೆ. ಯಾರ ಮುಂದೂ ಅಲ್ಲ," ಎಂದು ಅವಳು ಒಲೆ ಊದಿದಳು.

*

ಗೇಟು ತೆರೆಯಿತು. ಕಟ್ಟಡದ ಎಂಜಿನಿಯರ್ ಉಮಾಮಹೇಶ್ವರ ಜನಾಜ ಕಂಡು ಕೈ ಮುಗಿದ. ಒಳ್ಳೆಯ ಹುಡುಗನೇ.

"ಬನ್ನಿ ಸಾಬ್ರೇ. ಹಲಗೆ ಹಾಕಿಸ್ತೀನಿ, ಹೊರೋ ಗಂಡಸರು ಬರಲಿ. ಹೆಂಗಸರ ಗುಂಪು ಮಾತ್ರ ಬೇಡ. ಕಾಂಕ್ರೀಟ್ ಹಾಕ್ತಾ ಇದ್ದೀವಿ, ಕಂಪನಿಯವರು ನನ್ನ ಕೆಲಸ ತೆಗೀತಾರೆ."

"ನಾವು ಕಾಲಿಟ್ರೆ ನಿಮ್ಮ ಅಂಗಡಿ ಸವೆಯುತ್ತಾ ಮಾರಾಯ್ರೆ?" ಎಂದಳು ಬಸಮ್ಮ. "ನಾಳೆ ಸೋಪು ಕೊಳ್ಳೋಕೆ ನಾವೇ ಬರಬೇಕಲ್ಲ!" ಮತ್ತೆ ಸರ್ದಾರರ ಕಡೆ ತಿರುಗಿ ದನಿ ತಗ್ಗಿಸಿದಳು. "ಹೋಗಿ ಸಾಬ್ರೇ. ಅಕ್ಕ ಒಬ್ಬಳಾದ್ರೂ ದೊಡ್ಡ ಗೇಟಲ್ಲಿ ಹೋಗಲಿ. ನಮಗೆ ಅಷ್ಟೇ ಸಾಕು."

"ಅಬ್ಬಾ, ನಡೀರಿ. ಅಸರ್ ನಮಾಜಿಗೆ ಹೊತ್ತಾಯ್ತು," ಎಂದು ಉಮರ್ ತಂದೆಗೆ ಹೇಳಿ, ಜನಾಜದ ಮುಂಭಾಗಕ್ಕೆ ಹೆಗಲು ಕೊಟ್ಟ.

ಸರ್ದಾರರು ತೆರೆದ ಬಾಗಿಲನ್ನೇ ನೋಡಿದರು. ಹೆಂಡತಿಗಾಗಿ ಅದು ಒಮ್ಮೆ ತೆರೆಯಲೆಂದು ಎಷ್ಟು ವರ್ಷ ಆಸೆಪಟ್ಟಿದ್ದರು! ಐದು ನಿಮಿಷದ ದಾರಿ. ಅಲ್ಲಾಹನ ಹೆಸರು ಹೇಳಿ ಒಂದು ಹೆಜ್ಜೆ ಮುಂದಿಟ್ಟರು. ಮಗನ ಹೆಗಲಿನಿಂದ ಜನಾಜದ ಮುಂದಿನ ಕಾಲನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು. ಎಪ್ಪತ್ತು ವರ್ಷದ ಹೆಗಲು ನಡುಗಲಿಲ್ಲ.

"ಬಾಗಿಲು ಹಾಕ್ಕೊಳ್ಳಿ ಸ್ವಾಮಿ," ಎಂದರು. "ಇವಳು ಒಬ್ಬಳೇ ಒಳಗೆ ಬರೋ ಪೈಕಿ ಅಲ್ಲ."

ಜನಾಜ ರಸ್ತೆಯ ಕಡೆ ತಿರುಗಿತು. ಗುಲಾಮ್ ಮುಸ್ತಫಾ ಹೆಂಗಸರನ್ನೊಮ್ಮೆ ನೋಡಿದರು, ಆಕಾಶವನ್ನೊಮ್ಮೆ ನೋಡಿದರು. "ಸ್ವಲ್ಪ ಹಿಂದೆ ಬನ್ನಿ, ಅಷ್ಟೆ. ಖಬರಸ್ತಾನದ ಗೋಡೆ ತನಕ," ಎಂದು ಗೊಣಗಿ, ಕಲಿಮಾ ಹೇಳುತ್ತ ನಡೆದರು.

ಎಂಜಿನಿಯರ್ ಗೇಟು ಹಾಕಲಿಲ್ಲ. ಅವನ ಪಕ್ಕದಿಂದ ಗಾರೆ ಕೆಲಸದವನೊಬ್ಬ ಲುಂಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಹೆಗಲು ಕೊಟ್ಟ. ಹಿಂದೆಯೇ ಇನ್ನೊಬ್ಬ. ಮತ್ತೆ ನಾಲ್ವರು. ಅಂಗಳ ಬರಿದಾಯಿತು. ಒಳಗೆ ಕಾಂಕ್ರೀಟ್ ಕಲಸುವ ಯಂತ್ರ ಆಳಿಲ್ಲದೆ ಗರಗರ ತಿರುಗುತ್ತಲೇ ಇತ್ತು.